ಟ್ಯಾಂಜೆಂಟ್‌ನ ಸ್ಲೋಪ್ ಅಂದ್ರೆ ಎಂತ, ಅದಕ್ಕೆ ಡೆರಿವೇಟಿವ್ ಯಾಕೆ

ಉಡುಪಿ ಮಂಗಳೂರು ಕಡೆ ಟ್ಯೂಶನ್‌ಗೆ ಹೋಗುವ ಪಿಯುಸಿ ಮಕ್ಕಳಿಗೆ ಡಿಫರೆನ್ಶಿಯೇಶನ್ ಫಾರ್ಮುಲಾ ಎಲ್ಲ ಬಾಯಿಪಾಠ ಉಂಟು, ಆದ್ರೆ ಕೊನೆಗೆ ಬಂದ ಸಂಖ್ಯೆ ಎಂತದ್ದು ಅಂತ ಕೇಳಿದ್ರೆ ಸುಮಾರು ಜನ ಸುಮ್ಮನಾಗ್ತಾರೆ. ಕರ್ವ್ ಆ ಒಂದು ಬಿಂದುವಲ್ಲಿ ಎಷ್ಟು ಚಡಾವು ಉಂಟು ಅನ್ನುವ ಲೆಕ್ಕ ಅದು, ಈ ಚಡಾವಿಗೇ ಸ್ಲೋಪ್ ಅನ್ನುದು.

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಒಟ್ಟು ಏರಿದ ಎತ್ತರವನ್ನು ದೂರದಿಂದ ಭಾಗಿಸಿದ್ರೆ ಸರಾಸರಿ ಚಡಾವು ಸಿಗ್ತದೆ, ಆದ್ರೆ ಹೇರ್‌ಪಿನ್ ತಿರುವಲ್ಲಿ ಡ್ರೈವರ್ ಗೇರ್ ಇಳಿಸುವುದು ಆ ಜಾಗದ ಚಡಾವು ನೋಡಿ. ನಮಗೆ ಬೇಕಾದದ್ದು ಈ ಎರಡನೇದು.

ತೊಂದರೆ ಎಂತ ಅಂದ್ರೆ ಸ್ಲೋಪ್ ತೆಗೀಲಿಕ್ಕೆ ಎರಡು ಬಿಂದು ಬೇಕು, ನಮ್ಮ ಹತ್ರ ಇರುವುದು ಒಂದೇ. ವೈ = ಎಕ್ಸ್ ಸ್ಕ್ವೇರ್ ತಗೊಳ್ಳಿ, ಬಿಂದು (3, 9). ಇನ್ನೊಂದು ಬಿಂದು (4, 16) ಇಟ್ಕೊಂಡ್ರೆ ಎರಡನ್ನೂ ಸೇರಿಸುವ ಗೆರೆಯ ಸ್ಲೋಪ್ 7, ಎಕ್ಸ್ 3.1 ಮಾಡಿದ್ರೆ 6.1, 3.01 ಮಾಡಿದ್ರೆ 6.01, ಅಂದ್ರೆ ಎರಡು ಎಕ್ಸ್‌ಗಳ ನಡುವಿನ ಅಂತರ ಹೆಚ್ ಆದ್ರೆ ಸ್ಲೋಪ್ ಯಾವಾಗ್ಲೂ (6ಹೆಚ್ + ಹೆಚ್ ಸ್ಕ್ವೇರ್) ಬೈ ಹೆಚ್, ಅಂದ್ರೆ 6 + ಹೆಚ್. ಹೆಚ್ ಸೊನ್ನೆ ಹತ್ರ ಹೋದ ಹಾಗೆ ಇದು 6ರ ಹತ್ರ ಬರ್ತದೆ, ಆ 6 ಟ್ಯಾಂಜೆಂಟ್‌ನ, ಅಂದ್ರೆ ಆ ಬಿಂದುವಲ್ಲಿ ಕರ್ವ್ ಹೋಗುವ ದಿಕ್ಕಿಗೇ ಅದನ್ನು ಮುಟ್ಟಿಕೊಂಡು ಹೋಗುವ ಗೆರೆಯ, ಸ್ಲೋಪ್. ಸುರುವಿಗೇ ಹೆಚ್ ಜಾಗದಲ್ಲಿ ಸೊನ್ನೆ ಹಾಕಿದ್ರೆ ಸೊನ್ನೆ ಬೈ ಸೊನ್ನೆ ಆಗಿ ಕೈಗೆ ಎಂತದೂ ಸಿಗುದಿಲ್ಲ, ಅದಕ್ಕೇ ಮೊದಲು ಹೆಚ್ ಕ್ಯಾನ್ಸಲ್ ಮಾಡಿ ಆಮೇಲೆ ಲಿಮಿಟ್ (ಹೆಚ್ ಸೊನ್ನೆ ಹತ್ರ ಹೋದ ಹಾಗೆ ಸ್ಲೋಪ್ ಯಾವ ಸಂಖ್ಯೆಯ ಹತ್ರ ಬರ್ತದೋ ಅದು) ತಗೊಳ್ಳುದು. ನನ್ನ ಪ್ರಕಾರ ಇಡೀ ಚಾಪ್ಟರಿನ ಜೀವ ಇರುವುದು ಈ ಒಂದು ಸ್ಟೆಪ್ಪಲ್ಲಿ, ಇದನ್ನೇ ಹಾರಿಸಿ ಮುಂದೆ ಹೋಗ್ತಾರಲ್ಲ ಅಂತ ಬೇಜಾರಾಗ್ತದೆ. ಕ್ಯಾಲ್ಕುಲಸ್ ಕಟ್ಟಿದವರಲ್ಲಿ ಒಬ್ಬನಾದ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ 1684ರಲ್ಲಿ ಕ್ಯಾಲ್ಕುಲಸ್ ಬಗ್ಗೆ ಪ್ರಕಟಿಸಿದ ಮೊದಲ ಲೇಖನದ ಹೆಸರಲ್ಲೇ ಟ್ಯಾಂಜೆಂಟ್ ಉಂಟು, ಅಷ್ಟು ಮುಖ್ಯದ ಪ್ರಶ್ನೆ ಇದು.

ಪ್ರತಿ ಸಲ ಹೀಗೆ ಮಾಡ್ಲಿಕ್ಕೆ ಪುರ್ಸೊತ್ತಿಲ್ಲ, ಅದಕ್ಕೆ ರೂಲ್ ಉಂಟು: ಡಿವೈ ಬೈ ಡಿಎಕ್ಸ್ = 2ಎಕ್ಸ್. ಇದಕ್ಕೇ ಡೆರಿವೇಟಿವ್ ಅನ್ನುದು, ಇದು ಎಲ್ಲಾ ಬಿಂದುಗಳ ಸ್ಲೋಪ್ ಕೊಡುವ ಫಂಕ್ಷನ್, ಎಕ್ಸ್ = 3 ಹಾಕಿದ ಮೇಲೆಯೇ 6 ಅನ್ನುವ ಸ್ಲೋಪ್ ಬರುದು. 2ಎಕ್ಸನ್ನೇ ಹಾಗೇ ಗೆರೆಯ ಸಮೀಕರಣಕ್ಕೆ ತುಂಬಿಸಿದ್ರೆ ಮತ್ತೆ ಎಕ್ಸ್ ಸ್ಕ್ವೇರ್ ಬಂದು ಗೆರೆ ಹೋಗಿ ಕರ್ವ್ ಆಗ್ತದೆ, ಪೇಪರಲ್ಲಿ ಮಾರ್ಕ್ ಹೋಗುದು ಇಲ್ಲೇ. ಸರಿಯಾದ ಟ್ಯಾಂಜೆಂಟ್ ವೈ − 9 = 6(ಎಕ್ಸ್ − 3), ಅಂದ್ರೆ ವೈ = 6ಎಕ್ಸ್ − 9.

ಮತ್ತೆ, ಟ್ಯಾಂಜೆಂಟ್ ಅಂದ್ರೆ ಒಂದೇ ಕಡೆ ಮುಟ್ಟುವ ಗೆರೆ ಅಂತ ಹೈಸ್ಕೂಲಿನ ಸರ್ಕಲ್ ಪಾಠದಲ್ಲಿ ಕಲ್ತದ್ದು ಎಲ್ಲಾ ಕರ್ವಿಗೂ ನಡೆಯುದಿಲ್ಲ ಆಯ್ತಾ. ವೈ = ಎಕ್ಸ್ ಕ್ಯೂಬ್‌ಗೆ (1, 1)ರಲ್ಲಿ ಸ್ಲೋಪ್ 3, ಟ್ಯಾಂಜೆಂಟ್ ವೈ = 3ಎಕ್ಸ್ − 2, ಅದೇ ಗೆರೆ ಮುಂದೆ (−2, −8)ರಲ್ಲಿ ಆ ಕರ್ವನ್ನು ಇನ್ನೊಮ್ಮೆ ಸೇರ್ತದೆ, ಬೇಕಾದ್ರೆ ಗ್ರಾಫ್ ಹಾಕಿ ನೋಡಿ.