ದಾಸವಾಳಕ್ಕೆ ಸುಣ್ಣಕಟ್ಟು

ಡೊಂಬಿವಲಿಯ ನಮ್ಮ ಬಾಲ್ಕನಿಯ ದಾಸವಾಳಕ್ಕೆ ಏಪ್ರಿಲ್‌ನಲ್ಲಿ ಹಿಟ್ಟು ತಿಗಣೆ ಬಿತ್ತು. ಮೊಗ್ಗಿನ ಬುಡದಲ್ಲಿ ಹತ್ತಿ ಅಂಟಿಸಿದ ಹಾಗೆ ಗುಂಪು, ಸುತ್ತ ಇರುವೆಗಳ ಓಡಾಟ. ನರ್ಸರಿಯವರು ಒಂದು ಪುಡಿ ಪ್ಯಾಕೆಟ್ ಕೊಟ್ಟರು. ಮೇಲೆ ಬೆವೇರಿಯಾ ಬ್ಯಾಸಿಯಾನಾ ಅಂತಿತ್ತು. ಓದಿ ನಗು ಬಂತು. ಕನಕಪುರದ ಕಡೆ ನಮ್ಮಜ್ಜಿ ರೇಷ್ಮೆ ಸಾಕುತ್ತಿದ್ದಾಗ ಸುಣ್ಣಕಟ್ಟು ರೋಗ ಅಂದರೆ ಸಾಕು, ಮನೆಯವರ ಮುಖವೆಲ್ಲ ಬಾಡುತ್ತಿತ್ತು. ಹುಳು ಸತ್ತು ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ, ಗಟ್ಟಿಯಾಗುತ್ತಿತ್ತು. ಆ ಸುಣ್ಣಕಟ್ಟು ತರುವ ಬೂಷ್ಟನ್ನೇ ನಾನು ದುಡ್ಡು ಕೊಟ್ಟು ತಂದಿದ್ದೆ!

ಇಟಲಿಯವರೂ ಈ ರೋಗಕ್ಕೆ ಸುಣ್ಣದ ಹೆಸರೇ ಇಟ್ಟಿದ್ದರು. ಅಲ್ಲಿನ ಅಗೊಸ್ಟಿನೊ ಬಾಸಿ ವರ್ಷಗಟ್ಟಲೆ ಅದರ ಬೆನ್ನು ಬಿದ್ದು, ಇದಕ್ಕೆ ಕಾರಣ ಒಂದು ಬೂಷ್ಟು ಅಂತ 1835ರಲ್ಲಿ ತೋರಿಸಿಕೊಟ್ಟ. ಬ್ಯಾಸಿಯಾನಾ ಅನ್ನೋದು ಅವನದೇ ಹೆಸರು. 1879ರಲ್ಲಿ ಒಡೆಸ್ಸಾದಲ್ಲಿ ವಿಜ್ಞಾನಿ ಮೆಚ್ನಿಕಾಫ್ ಇನ್ನೊಂದು ಬೂಷ್ಟನ್ನು, ಹಸಿರು ಬಣ್ಣದ ಮೆಟಾರೈಜಿಯಂ ಅನ್ನು, ಗೋಧಿ ತಿನ್ನುವ ದುಂಬಿಯ ಮೇಲೆ ಬಿಟ್ಟು ನೋಡಿದ. ರೋಗವನ್ನೇ ಮದ್ದು ಮಾಡುವ ಯೋಚನೆ ಅಷ್ಟು ಹಳೆಯದು.

ಇದರ ವಿಶೇಷ ಏನಂದ್ರೆ, ಹುಳು ಇದನ್ನು ತಿನ್ನಬೇಕಾಗಿಲ್ಲ. ಮೈಗೆ ತಗುಲಿದರೆ ಸಾಕು. ಬೂಷ್ಟಿನ ಕಣ ಹುಳುವಿನ ಚರ್ಮಕ್ಕೆ ಅಂಟಿ, ತೇವ ಸಿಕ್ಕರೆ ಬೀಜದ ಹಾಗೆ ಮೊಳೆಯುತ್ತದೆ, ಆ ಚರ್ಮದ ಕೊಬ್ಬು, ಪ್ರೋಟೀನು, ಅದನ್ನು ಗಟ್ಟಿಯಾಗಿಡುವ ಕೈಟಿನ್ ಮೂರನ್ನೂ ಕರಗಿಸುವ ಕಿಣ್ವ ಬಿಟ್ಟು ಒಳಗೆ ತೂರಿ ಹುಳುವಿನ ರಕ್ತದಲ್ಲೇ ಬೆಳೆಯುತ್ತದೆ. ಸಾಯೋದಕ್ಕೆ ನಾಲ್ಕರಿಂದ ಹತ್ತು ದಿನ ಬೇಕಾಗಬಹುದು. ಆಮೇಲೆ ಹವೆ ತೇವವಾಗಿದ್ದರೆ ಮೈ ಸೀಳಿಕೊಂಡು ಹೊರಬಂದು ಹೊಸ ಕಣಗಳನ್ನು ಉದುರಿಸುತ್ತದೆ. ಸಂಜೆ ಹೊಡೆದು ಬೆಳಿಗ್ಗೆ ಹುಳು ಬಿದ್ದಿದೆಯಾ ಅಂತ ನೋಡುವವರಿಗೆ ಇದು ಸುಮ್ನೆ ಬೇಸರ.

ನಾನು ಮಾಡಿದ ತಪ್ಪು ಬೇರೆ. ಏಪ್ರಿಲ್‌ನ ಮಟಮಟ ಮಧ್ಯಾಹ್ನ ಸಿಂಪಡಿಸಿದೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದ ಹಾಗಾಯ್ತು. ಇದು ಜೀವ ಇರುವ ವಸ್ತು, ಬಿಸಿಲಿಗೆ, ಸೆಕೆಗೆ ಸಾಯುತ್ತದೆ. ಶಿಲೀಂಧ್ರನಾಶಕದ ಜೊತೆ ಬೆರೆಸಿದರಂತೂ ಮುಗಿದೇ ಹೋಯ್ತು. ಕಬ್ಬಿನ ಬೇರು ಕಡಿಯುವ ಗೊಣ್ಣೆಹುಳುವಿಗೆ, ಇಲ್ಲಿನವರ ಹುಮಣಿಗೆ, ರೈತರು ಮೆಟಾರೈಜಿಯಂ ಅನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಹಾಕೋದು ಅದಕ್ಕೇ. ಮಣ್ಣೊಳಗೆ ಕತ್ತಲು, ತಂಪು, ತೇವ ಎಲ್ಲಾ ಇದೆ.

ಜುಲೈನಲ್ಲಿ, ಚಪ್ಪಲಿಗೂ ಉಪ್ಪಿನಕಾಯಿಗೂ ಬೂಷ್ಟು ಬರುವ ಮುಂಬೈ ಮಳೆಯಲ್ಲಿ, ಮಳೆ ಬಿಟ್ಟ ಒಂದು ಸಂಜೆ ಮತ್ತೆ ಹೊಡೆದೆ. ಲೀಟರಿಗೆ 5 ಗ್ರಾಂ, ಜೊತೆಗೆ ಎರಡು ಹನಿ ಸೋಪು. ಮೇಣದ ಮೈ ಅಲ್ವಾ, ಬರೀ ನೀರು ಜಾರಿಹೋಗುತ್ತದೆ. ಹಿಟ್ಟು ತಿಗಣೆ ಮೊದಲೇ ಬೆಳ್ಳಗಿರುವುದರಿಂದ ಬೂಷ್ಟು ಹಿಡಿದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗಲಿಲ್ಲ. ಒಂದು ವಾರ ಬಿಟ್ಟು ಕಡ್ಡಿಯಲ್ಲಿ ಒತ್ತಿ ನೋಡಿದೆ. ಅಂಟುರಸ ಬರಲಿಲ್ಲ, ಒಣ ಅವಲಕ್ಕಿಯ ಹಾಗೆ ಉದುರಿತು.

ಖುಷಿಯಲ್ಲಿ ಊರಿಗೆ ಫೋನ್ ಮಾಡಿದೆ. ಚಿಕ್ಕಪ್ಪ ಈಗಲೂ ರೇಷ್ಮೆ ಸಾಕುತ್ತಾರೆ. ಪೂರ್ತಿ ಕೇಳಿಸಿಕೊಂಡು, "ಅದನ್ನು ಮುಟ್ಟಿದ ಕೈಯಲ್ಲಿ ನಮ್ಮ ಹುಳುಮನೆ ಕಡೆ ಬಂದೀಯ, ಜೋಕೆ" ಅಂದರು.