ಡ್ರೈಫ್ರೂಟ್ ಡಬ್ಬಿಯ ಯುಕುಲೇಲಿ: ಅಳತೆಯ ಟಿಪ್ಪಣಿ

ದೀಪಾವಳಿಗೆ ಬಂದ ಡ್ರೈಫ್ರೂಟ್ ಡಬ್ಬಿ ಖಾಲಿಯಾದ ಮೇಲೆ ಏನಾಗುತ್ತದೆ? ಸೂಜಿ ದಾರದ ಡಬ್ಬಿಯಾಗುತ್ತದೆ, ಇಲ್ಲಾ ಹಳೇ ಬಿಲ್ಲು ತುಂಬಿಕೊಂಡು ಅಟ್ಟ ಸೇರುತ್ತದೆ. ನಮ್ಮನೆಯದು ಯುಕುಲೇಲಿ ಆಯಿತು, ಅಂದರೆ ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯ. ಎರಡನೇ ಪ್ರಯತ್ನದಲ್ಲಿ. ಮೊದಲನೆಯದು ಯಾಕೆ ಕೆಟ್ಟಿತು ಅಂತ ತಿಳಿಸುವುದಕ್ಕೇ ಈ ಟಿಪ್ಪಣಿ.

ಡಬ್ಬಿಯಲ್ಲಿ ವಾದ್ಯವಾ ಅಂತ ನಗುವವರಿಗೆ ಒಂದು ಮಾತು. ಯುಕುಲೇಲಿ ಹುಟ್ಟಿದ್ದೇ ಬಡಗಿಗಳ ಕೈಯಲ್ಲಿ. 1879ರ ಆಗಸ್ಟ್‌ನಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹವಾಯಿಯ ಹೊನೊಲುಲುಗೆ ಬಂತು. ಕಬ್ಬಿನ ತೋಟದ ಕೆಲಸಕ್ಕೆ ಬಂದವರ ನಡುವೆ ಮ್ಯಾನುಯೆಲ್ ನೂನೆಸ್, ಆಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರಿದ್ದರು. ಮೇಜು, ಬೀರು ಮಾಡುವವರು. ತಮ್ಮೂರಿನ ಮಶೇಟ್ ಎಂಬ ಪುಟ್ಟ ವಾದ್ಯವನ್ನು ಹವಾಯಿಯ ಕೋವಾ ಮರದಲ್ಲಿ ಮಾಡತೊಡಗಿದರು. ಅದೇ ಯುಕುಲೇಲಿ ಆಯಿತು. ಹವಾಯಿಯ ಮಾತಿನಲ್ಲಿ ‘ಉಕು’ ಅಂದರೆ ಚಿಗಟ, ‘ಲೆಲೆ’ ಅಂದರೆ ಜಿಗಿಯುವುದು.

ಈಗ ಡಬ್ಬಿ. ನನ್ನದು 240 ಮಿ.ಮೀ. ಉದ್ದ, 160 ಅಗಲ, 60 ಎತ್ತರ. ನೋಡಬೇಕಾದ್ದು ಮುಚ್ಚಳ ಮಾತ್ರ. ಬೆರಳಿನಿಂದ ತಟ್ಟಿ ನೋಡಿ. ‘ಡಪ್’ ಅಂದು ಸತ್ತರೆ ಬೇಡ, ಸ್ವಲ್ಪ ಗುಂಯ್‌ಗುಟ್ಟಿದರೆ ಇಟ್ಟುಕೊಳ್ಳಿ. ಎರಡು ಮೂರು ಮಿ.ಮೀ. ಪ್ಲೈವುಡ್ ಚೆನ್ನಾಗಿರುತ್ತದೆ. ಅದೇ ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮಂಕು. ಕೆಟ್ಟ ಡಬ್ಬಿಯಾದರೂ ಸದ್ದು ಕಡಿಮೆಯಾಗುತ್ತದೆ ಅಷ್ಟೇ, ಅಪಸ್ವರ ಬರುವುದಿಲ್ಲ. ಅಪಸ್ವರ ಬರುವುದು ಕೋಲಿನಿಂದ.

ಕೋಲು ಅಂದರೆ ವಾದ್ಯದ ಕತ್ತು, ಬೆರಳು ಒತ್ತುವ ಉದ್ದ ಭಾಗ. ಎಳೆ ನೇರವಾಗಿರುವ ತೇಗದ ಪಟ್ಟಿ, 35 ಮಿ.ಮೀ. ಅಗಲ, 20 ದಪ್ಪ, 550 ಉದ್ದ. ಅದು ಡಬ್ಬಿಯೊಳಗೆ ಈ ಕೊನೆಯಿಂದ ಆ ಕೊನೆಗೆ ಹಾದು ಹೋಗಬೇಕು. ಬರೀ ಅಂಟು ನಂಬಿ ಡಬ್ಬಿಯ ಬದಿಗೆ ಅಂಟಿಸಿದರೆ ತಂತಿ ಬಿಗಿದ ವಾರದಲ್ಲೇ ಬಾಗುತ್ತದೆ. ಡಬ್ಬಿಯೊಳಗಿನ ಭಾಗವನ್ನು ಮೇಲಿನಿಂದ 6 ಮಿ.ಮೀ. ಕೆತ್ತಿ ತೆಗೆಯಿರಿ. ಮುಚ್ಚಳಕ್ಕೆ 3, ಅದರ ಕೆಳಗೆ ಗಾಳಿಗೆ 3. ಕೋಲು ತಾಗಿದರೆ ಮುಚ್ಚಳ ಅದುರುವುದಿಲ್ಲ. ಆಮೇಲೆ ಎಷ್ಟು ಬಾರಿಸಿದರೂ ಒಂದೇ.

ಇನ್ನು ಮೆಟ್ಟಿಲು, ಅಂದರೆ ಕತ್ತಿನ ಮೇಲಿನ ಅಡ್ಡ ಕಡ್ಡಿಗಳು. ಗಿಟಾರಿನವರು ಫ್ರೆಟ್ ಅನ್ನುತ್ತಾರೆ. ನನಗೆ ವೀಣೆಯವರ ಮಾತೇ ಇಷ್ಟ: ಮೆಟ್ಟಿಲು, ಕುದುರೆ (ಮುಚ್ಚಳದ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ತುಂಡು), ಬಿರಡೆ (ತಂತಿ ಬಿಗಿಯುವ ಕೀಲಿ). ವೀಣೆಯಲ್ಲಿ ಮೆಟ್ಟಿಲು ಕೂರುವುದು ಮೇಣದ ಮೇಲೆ. ಮೇಳ ಕಟ್ಟುವವರು ಕಿವಿಯಿಂದ ಕೇಳಿಕೊಂಡೇ ಅವನ್ನು ಜರುಗಿಸಿ ಕೂರಿಸುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ಅಂಟಿಸಿದರೆ ಮುಗೀತು. ಹಾಗಾಗಿ ಲೆಕ್ಕ ಮೊದಲು.

ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಕುದುರೆಯವರೆಗಿನ ಉದ್ದವನ್ನು ಸ್ಕೇಲ್ ಅನ್ನುತ್ತಾರೆ. ಸಣ್ಣ ಯುಕುಲೇಲಿಗೆ ಸುಮಾರು 350 ಮಿ.ಮೀ. ಅದನ್ನು 17.817ರಿಂದ ಭಾಗಿಸಿ: 19.64. ನಟ್‌ನಿಂದ ಅಷ್ಟು ದೂರಕ್ಕೆ ಮೊದಲ ಮೆಟ್ಟಿಲು. ಉಳಿದದ್ದು 330.36. ಅದನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ: 18.54. ಅಂದರೆ ಎರಡನೆಯದು ನಟ್‌ನಿಂದ 38.18ಕ್ಕೆ. ಮೂರನೆಯದು 55.68. ಹೀಗೆ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 175ಕ್ಕೆ ಬರಬೇಕು. ಬರದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ. ಈ 17.817 ಎಲ್ಲಿಂದ ಬಂತು? ಒಂದು ಸ್ಥಾಯಿಯನ್ನು (ಸ ದಿಂದ ಮೇಲಿನ ಸ ವರೆಗೆ) ಹನ್ನೆರಡು ಸಮ ಹೆಜ್ಜೆ ಮಾಡಿದರೆ, ಪ್ರತಿ ಹೆಜ್ಜೆಗೂ ತಂತಿಯ ಉದ್ದ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಆ ಪ್ರಮಾಣ ಇದು.

ನಾನು ಎಡವಿದ್ದು ಇಲ್ಲೇ. ಲೆಕ್ಕ ಸರಿಯಿತ್ತು. ಆದರೆ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಅಂತ ಅಳೆಯುತ್ತಾ ಹೋದೆ. ಪ್ರತಿ ಸಲ ಪೆನ್ಸಿಲ್ ಗೆರೆಯ ದಪ್ಪ, ಅರ್ಧ ಮಿ.ಮೀ., ಸೇರುತ್ತಾ ಹೋಯಿತು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ 6 ಮಿ.ಮೀ. ಆಚೆ! ಅಲ್ಲಿ 6 ಮಿ.ಮೀ. ಅಂದರೆ ಅರ್ಧ ಸ್ವರಸ್ಥಾನಕ್ಕಿಂತ ಸ್ವಲ್ಪ ಜಾಸ್ತಿ. ಸುಮ್ನೆ ಕೇಳುವವರ ಕಿವಿಗೂ ಚುಚ್ಚುತ್ತದೆ. ಎಲ್ಲ ಗುರುತನ್ನೂ ನಟ್‌ನಿಂದಲೇ ಅಳೆಯಿರಿ, ಸ್ಟೀಲ್ ಸ್ಕೇಲ್ ಅಲುಗಾಡಿಸದೆ, ಒಂದೇ ಸಲಕ್ಕೆ.

ಮೆಟ್ಟಿಲಿಗೆ ಟೂತ್‌ಪಿಕ್ ಸಾಕು. ನೈಲಾನ್ ತಂತಿ ಅದನ್ನು ಬೇಗ ತಿನ್ನುವುದಿಲ್ಲ. ಕುದುರೆಯನ್ನು ಡಬ್ಬಿಯ ಹಿಂಬದಿಯಿಂದ 65 ಮಿ.ಮೀ. ಒಳಗೆ ನಿಲ್ಲಿಸಿದರೆ ಹನ್ನೆರಡನೇ ಮೆಟ್ಟಿಲು ಡಬ್ಬಿಯ ಮುಂಬದಿ ಅಂಚಿಗೇ ಬರುತ್ತದೆ (240ರಲ್ಲಿ 65 ಕಳೆದರೆ 175, ಅಲ್ವಾ?). ಕುದುರೆಯ ಎತ್ತರ ಏಳೆಂಟು ಮಿ.ಮೀ. ಅದನ್ನು ಅಂಟಿಸಬೇಡಿ. ತಂತಿಯನ್ನು ಹಿಂಬದಿಯಲ್ಲಿ ಹೊರಗೆ ಉಳಿದ ಕೋಲಿನ ತುದಿಗೆ ಕಟ್ಟಿ. ತಂತಿಯ ಒತ್ತಡಕ್ಕೇ ಕುದುರೆ ನಿಲ್ಲುತ್ತದೆ.

ಬಿರಡೆಗೆ ಗಿಟಾರಿನ ಗೇರ್ ಇರುವ ಕೀ ನಾಲ್ಕು ತನ್ನಿ. ಇದರಲ್ಲಿ ಜಿಪುಣತನ ಬೇಡ.

ತಂತಿಗೆ ಮೀನು ಹಿಡಿಯುವ ನೈಲಾನ್ ದಾರ ನಡೆಯುತ್ತದೆ. ಶ್ರುತಿ ಜಿ, ಸಿ, ಇ, ಎ (ಪಾಶ್ಚಾತ್ಯ ಸ್ವರಗಳ ಹೆಸರು). ಈ ಉದ್ದಕ್ಕೆ ಕ್ರಮವಾಗಿ 0.7, 1.0, 0.8, 0.6 ಮಿ.ಮೀ. ದಪ್ಪ ತೆಗೆದುಕೊಂಡರೆ ಪ್ರತಿ ತಂತಿಯ ಎಳೆತ 3 ಕಿಲೋ ಆಸುಪಾಸಿಗೆ ಬರುತ್ತದೆ, ಒಟ್ಟು 12ರ ಸುತ್ತಮುತ್ತ. ಸ್ಟೀಲ್ ತಂತಿ ಮಾತ್ರ ಬೇಡ, ಮುಚ್ಚಳ ಕುಸಿಯುತ್ತದೆ. ಜಿ ತಂತಿ ಸಿ ಗಿಂತ ಮೇಲಿನ ಶ್ರುತಿಯದು, ಗಿಟಾರ್ ಕಲಿತವರಿಗೆ ಮೊದಲು ಇದು ಗೊಂದಲ.

ಕೊನೆಗೆ ಕುದುರೆಯನ್ನು ಸರಿಮಾಡುವುದು. ಹನ್ನೆರಡನೇ ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತದೆ, ಬೆರಳು ತಾಗಿಸಿ ಮೀಟಿ. ಗಂಟೆಯಂಥ ಸಣ್ಣ ಸ್ವರ ಬರುತ್ತದೆ. ಈಗ ಅಲ್ಲೇ ಒತ್ತಿ ಮೀಟಿ. ಒತ್ತಿದ್ದು ಏರಿದ್ದರೆ ಕುದುರೆಯನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ನಟ್ ಕಡೆಗೆ. ಒತ್ತಿದಾಗ ತಂತಿ ಚೂರು ಬಿಗಿಯುವುದರಿಂದ ಸಾಮಾನ್ಯವಾಗಿ ಒಂದೆರಡು ಮಿ.ಮೀ. ಹಿಂದಕ್ಕೇ ಹೋಗುತ್ತದೆ. ದಪ್ಪನೆಯ ಸಿ ತಂತಿಗೆ ಇನ್ನೂ ಜಾಸ್ತಿ ಬೇಕು, ಹಾಗಾಗಿ ನನ್ನ ಕುದುರೆ ಸ್ವಲ್ಪ ಓರೆಯಾಗಿ ನಿಂತಿದೆ. ಅದರ ಎರಡೂ ಬದಿಗೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ. ತಂತಿ ಬದಲಾಯಿಸುವಾಗ ಅದು ಬಿದ್ದೇ ಬೀಳುತ್ತದೆ.