ಡೇಕೇರ್‌ಗೇ ಸಂಬಳ ಖಾಲಿ ಆಗ್ತಿದೆ, ಕೆಲಸ ಬಿಡಲಾ?

ಪ್ರಶ್ನೆ: ಮಗುವಿಗೆ ಒಂದು ವರ್ಷ ಮೂರು ತಿಂಗಳು. ನನ್ನ ಸಂಬಳ 42,000. ಡೇಕೇರ್‌ಗೆ 14,000, ಆಟೋಗೆ 5,000, ಅಡುಗೆಯವರಿಗೆ 4,000 ಹೋದರೆ ಉಳಿಯೋದು 19,000. ಇಷ್ಟಕ್ಕೋಸ್ಕರ ಮಗೂನ ಬಿಟ್ಟು ಹೋಗಬೇಕಾ ಅಂತ ಅತ್ತೆ ಕೇಳ್ತಾರೆ. ನನಗೂ ಹಾಗೇ ಅನ್ನಿಸ್ತಿದೆ. ಏನು ಮಾಡಲಿ?

ಮೊದಲು ನಿಮ್ಮ ಲೆಕ್ಕ ನೋಡೋಣ. ಡೇಕೇರ್ ಫೀಸನ್ನು ನಿಮ್ಮೊಬ್ಬರ ಸಂಬಳದಿಂದಲೇ ಯಾಕೆ ಕಳೆದಿದ್ದೀರಿ? ಮಗು ಇಬ್ಬರದ್ದೂ ಅಲ್ವಾ? ಮನೆ ಬಾಡಿಗೆ, ಬೈಕಿನ ಕಂತು ಇದೆಲ್ಲ ಮನೆಯ ಒಟ್ಟು ದುಡಿಮೆಯಿಂದ ಹೋಗುತ್ತೆ, ಮಗುವಿನ ಖರ್ಚು ಬಂದಾಗ ಮಾತ್ರ ಅಮ್ಮನ ಸಂಬಳದ ಕೆಳಗೆ ಬರೆದುಬಿಡುತ್ತೇವೆ.

ನಾನೂ ಹಾಗೇ ಬರೆದಿದ್ದೆ, ಕರೆಂಟ್ ಬಿಲ್ಲಿನ ಹಿಂದೆ. ರಾತ್ರಿ ಹನ್ನೊಂದಾಗಿತ್ತು. ಮಗಳಿಗೆ ಜ್ವರ. ಬೆಳಿಗ್ಗೆ ಕಳಿಸಿದ ಅನ್ನ-ತೊವ್ವೆ ಡಬ್ಬಿಯಲ್ಲಿ ಹಾಗೇ ಗಟ್ಟಿಯಾಗಿ ವಾಪಸ್ ಬಂದಿತ್ತು, ಅದನ್ನು ಚಮಚದಿಂದ ಕೆರೆದು ತೆಗೆಯುತ್ತಾ ಅತ್ತಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಗಂಡನ ಸಂಬಳ ಆ ಕಾಗದದಲ್ಲಿ ಇರಲೇ ಇಲ್ಲ, ಅದು ನನಗೆ ಹೊಳೆದಿದ್ದು ಎಷ್ಟೋ ದಿನದ ಮೇಲೆ. ಅದಕ್ಕೇ ಹೇಳ್ತೀನಿ, ಮಗುವಿಗೆ ಹುಷಾರಿಲ್ಲದ ವಾರ ಈ ತೀರ್ಮಾನ ಮಾಡಬೇಡಿ.

ಇನ್ನು ನಿಮ್ಮ ಲೆಕ್ಕದಲ್ಲಿ ಕಾಣದೇ ಇರೋದು. ಪಿಎಫ್‌ಗೆ ಮೂಲ ವೇತನದ 12% ನಿಮ್ಮಿಂದ ಹೋಗುತ್ತೆ, ಕಂಪನಿಯೂ ತನ್ನ ಪಾಲು ಹಾಕುತ್ತೆ, ಕೆಲಸ ಬಿಟ್ಟ ತಿಂಗಳಿಂದ ಎರಡೂ ನಿಲ್ಲುತ್ತೆ. ಪಿಎಫ್ ಪಿಂಚಣಿ ಸಿಗೋಕೆ 10 ವರ್ಷದ ಸೇವೆ ಬೇಕು. ಆದ್ದರಿಂದ ಕೆಲಸ ಬಿಟ್ಟರೂ ಹಣ ತೆಗೆಯೋ ಆತುರ ಬೇಡ, ಹಾಗೇ ಬಿಟ್ಟರೆ ಮುಂದೆ ಬೇರೆ ಕಡೆ ಸೇರಿದಾಗ ಹಳೇ ವರ್ಷಗಳೂ ಲೆಕ್ಕಕ್ಕೆ ಬರುತ್ತೆ. ಕಂಪನಿಯ ಆರೋಗ್ಯ ವಿಮೆ ಕೂಡ ಕೆಲಸದ ಜೊತೆಗೇ ಹೋಗುತ್ತೆ. ಅದರಲ್ಲಿ ನಿಮ್ಮ ಅಪ್ಪ ಅಮ್ಮನ ಹೆಸರಿದ್ದರೆ ಮೊದಲು ಅವರಿಗೆ ಬೇರೆ ಪಾಲಿಸಿ ಮಾಡಿಸಿ, ಯಾಕೆಂದರೆ ಹೊಸದಾಗಿ ಮಾಡಿಸಿದರೆ ಈಗಾಗಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಡೇಕೇರ್ ಖರ್ಚು ಮಾತ್ರ ಹೀಗೇ ಇರಲ್ಲ. ಮಗು ಮೂರು ದಾಟಿ ಶಾಲೆಗೋ ಅಂಗನವಾಡಿಗೋ ಹೋಗೋಕೆ ಶುರು ಮಾಡಿದರೆ ಡೇಕೇರ್‌ನಲ್ಲಿರೋ ಹೊತ್ತೇ ಕಡಿಮೆ.

ರಾಜೀನಾಮೆಗೆ ಮೊದಲು ಕೇಳಬಹುದಾದ್ದು ಸುಮಾರಿದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ ತಿದ್ದುಪಡಿ ಅಂದರೆ ಎಲ್ಲರಿಗೂ 26 ವಾರದ ರಜೆ ಒಂದೇ ನೆನಪು. ಆದರೆ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಅದರಲ್ಲೇ ಬಂತು. ರಜೆ ಮುಗಿದ ಮೇಲೆ, ಕೆಲಸ ಅಂಥದ್ದಾಗಿದ್ದರೆ, ಕಂಪನಿ ಜೊತೆ ಮಾತಾಡಿಕೊಂಡು ಮನೆಯಿಂದ ಮಾಡೋ ಅವಕಾಶವೂ ಇದೆ. ಸುಮ್ನೆ ಬಾಯಲ್ಲಿ ಕೇಳಬೇಡಿ, ಮೇಲ್ ಮಾಡಿ. ಆರು ತಿಂಗಳಿಗೆ ಅಂತ ಅವಧಿ ಹಾಕಿ ಕೇಳಿ, ಒಪ್ಪೋಕೆ ಅವರಿಗೂ ಸುಲಭ. ನನಗೆ ಸಿಕ್ಕಿದ್ದು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಅಷ್ಟರಲ್ಲೇ ಉಸಿರು ಬಂತು. ಸರ್ಕಾರಿ ನೌಕರಿಯಾದರೆ ಮಾತೇ ಬೇರೆ: ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ, ನಮ್ಮ ರಾಜ್ಯದಲ್ಲೂ 2021ರ ಬಜೆಟ್‌ನಲ್ಲಿ ಆರು ತಿಂಗಳು ಅಂತ ಘೋಷಣೆಯಾಯಿತು.

ಹಾಗಂತ ಬಿಡಲೇಬೇಡಿ ಅಂತ ನಾನು ಹೇಳ್ತಿಲ್ಲ. ಮಗುವಿನ ಜೊತೆ ಇರಬೇಕು ಅನ್ನೋ ಆಸೆ ನಿಮ್ಮದೇ ಆಗಿದ್ದರೆ ಅದೇ ಸಾಕಷ್ಟು ದೊಡ್ಡ ಕಾರಣ, ಅದಕ್ಕೆ 19,000ದ ನೆಪ ಬೇಕಾಗಿಲ್ಲ. ನಮ್ಮಕ್ಕ ಎರಡು ವರ್ಷ ಬಿಟ್ಟಳು. ಬಿಡೋ ಮೊದಲೇ ಭಾವನ ಹತ್ತಿರ ಒಂದು ಮಾತು ಖಚಿತ ಮಾಡಿಕೊಂಡಳು: ಪ್ರತಿ ತಿಂಗಳು ಅವಳ ಹೆಸರಿನ ಪಿಪಿಎಫ್ ಖಾತೆಗೆ ಇಷ್ಟು ಅಂತ ಹೋಗಲೇಬೇಕು, ಮನೆ ಖರ್ಚಿನ ದುಡ್ಡು ಬೇರೆ. ಕೇಳೋಕೆ ಅವಳಿಗೆ ಸಂಕೋಚ ಆಗಿತ್ತಂತೆ. ನೀವೂ ಸಂಕೋಚ ಬಿಟ್ಟು ಕೇಳಿ. ಗಂಡನ ಮುಂದೆ ಪ್ರತಿ ಸಲ ಕೈಯೊಡ್ಡೋ ಹಾಗಾದರೆ, ಮಗುವಿನ ಜೊತೆ ಕಳೆಯೋ ಆ ಒಳ್ಳೇ ದಿನಗಳೂ ಕಹಿ ಆಗುತ್ತೆ.

ಅತ್ತೆಯವರನ್ನೂ ಒಂದು ಮಾತು ಕೇಳಿ ನೋಡಿ, ಸಂಜೆ ನಾಲ್ಕರಿಂದ ಏಳರವರೆಗೆ ಮಗುವನ್ನು ನೋಡಿಕೊಳ್ಳೋಕೆ ಆಗುತ್ತಾ ಅಂತ. ಅವರಿಗೂ ಮೊಮ್ಮಗುವಿನ ಮೇಲಿನ ಕಾಳಜಿಯೇ.

ಆಮೇಲೆ, ಸೇರಿ ಎಷ್ಟು ವರ್ಷ ಆಯ್ತು ಅಂತ ನೀವು ಬರೆದಿಲ್ಲ. ಕಾಯಂ ನೌಕರರಿಗೆ 5 ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡೋ ಇಡಿಗಂಟು, ಬರುತ್ತೆ. ಮೂಲ ವೇತನ 26,000 ಇದ್ದರೆ ವರ್ಷಕ್ಕೆ 15,000, ಐದು ವರ್ಷಕ್ಕೆ 75,000. ನಿಮಗೆ ನಾಲ್ಕೂವರೆ ದಾಟಿದ್ದರೆ ಈ ತಿಂಗಳಂತೂ ಪತ್ರ ಕೊಡಬೇಡಿ.